ನಾಲ್ಕು ತಿಂಗಳು ಕಾಣದ ತಪ್ಪು ಒಂದೇ ರಾತ್ರಿಯಲ್ಲಿ ಕಂಡದ್ದು ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜುಗಳಲ್ಲಿ ಕೋಚ್ ವಿರುದ್ಧ ದೂರು ಬಂದರೆ ತಿಂಗಳುಗಟ್ಟಲೆ ತನಿಖೆ ನಡೆಯುತ್ತದೆ, ಕೋಚ್ ಮಾತ್ರ ಮೈದಾನದಲ್ಲೇ ಇರುತ್ತಾರೆ. ಅದೇ ವಿಷಯ ಪತ್ರಿಕೆಯಲ್ಲಿ ಬಂದರೆ ಒಂದೆರಡು ದಿನದಲ್ಲಿ ಕೆಲಸ ಹೋಗುತ್ತದೆ. ಹಾಗಾದರೆ ಅಷ್ಟು ದಿನ ತನಿಖೆ ಮಾಡಿದ್ದಾದರೂ ಏನನ್ನು?

ಉತ್ತರ: ರಟ್ಗರ್ಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಂಗಳದಿಂದ ಶುರು ಮಾಡೋಣ. ಅಲ್ಲಿ ಸಾಕ್ಷ್ಯದ ಬಗ್ಗೆ ತಕರಾರೇ ಇರಲಿಲ್ಲ, ಎಲ್ಲವೂ ವಿಡಿಯೊದಲ್ಲಿತ್ತು.

ನ್ಯೂ ಜೆರ್ಸಿಯ ಈ ಸರ್ಕಾರಿ ವಿಶ್ವವಿದ್ಯಾಲಯದ ಪುರುಷರ ತಂಡಕ್ಕೆ ಮೈಕ್ ರೈಸ್ ಕೋಚ್ ಆಗಿದ್ದರು. ಅಭ್ಯಾಸದ ಹೊತ್ತಿನಲ್ಲಿ ಹುಡುಗರ ಕಾಲಿಗೆ, ಬೆನ್ನಿಗೆ, ತಲೆಗೆ ಚೆಂಡನ್ನು ಬೀಸಿ ಎಸೆಯುವುದು, ಹಿಡಿದು ತಳ್ಳುವುದು, ಸಲಿಂಗಿಗಳನ್ನು ಹೀಯಾಳಿಸುವ ಶಬ್ದಗಳಲ್ಲಿ ಬೈಯುವುದು ಅವರ ಪದ್ಧತಿ. ತಂಡದ ಸಿಬ್ಬಂದಿಯಾಗಿದ್ದು ಅಲ್ಲಿಂದ ಹೊರಬಿದ್ದಿದ್ದ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮಾಜಿ ಆಟಗಾರ ಎರಿಕ್ ಮರ್ಡಾಕ್ ಆ ತುಣುಕುಗಳನ್ನು ಒಂದುಗೂಡಿಸಿದರು. 2012ರ ನವೆಂಬರ್ ಕೊನೆಯಲ್ಲಿ ಕ್ರೀಡಾ ನಿರ್ದೇಶಕ ಟಿಮ್ ಪರ್ನೆಟ್ಟಿ ಅದನ್ನು ನೋಡಿದರು. ಡಿಸೆಂಬರ್‌ನಲ್ಲಿ ರೈಸ್ ಅವರಿಗೆ ಮೂರು ಪಂದ್ಯಗಳ ಅಮಾನತು ಮತ್ತು 50,000 ಡಾಲರ್ ದಂಡ ಬಿತ್ತು. ಅಲ್ಲಿಗೆ ಕಡತ ಮುಚ್ಚಿತು. 2013ರ ಏಪ್ರಿಲ್ 2ರಂದು ಇಎಸ್‌ಪಿಎನ್ ವಾಹಿನಿ ಅದೇ ವಿಡಿಯೊವನ್ನು ಪ್ರಸಾರ ಮಾಡಿತು. ಏಪ್ರಿಲ್ 3ರಂದು ರೈಸ್ ವಜಾ ಆದರು.

ನಡುವಿನ ನಾಲ್ಕು ತಿಂಗಳಲ್ಲಿ ಹೊಸ ಸಾಕ್ಷ್ಯ ಯಾವುದೂ ಹುಟ್ಟಿರಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಬಾರ್ಚಿ ಆ ವಿಡಿಯೊವನ್ನು ಮೊದಲ ಬಾರಿ ನೋಡಿದ್ದೇ ಆ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಅವರ ಕೈಯಲ್ಲಿದ್ದದ್ದು ಅದರ ಸಾರಾಂಶ. ಚೆಂಡು ತಲೆಗೆ ಬಡಿಯುವ ಸದ್ದು ಯಾವ ಸಾರಾಂಶದಲ್ಲಿ ಕೇಳಿಸುತ್ತದೆ?

ಪರ್ನೆಟ್ಟಿ ಕೂಡ ಹುದ್ದೆ ಬಿಡಬೇಕಾಯಿತು. ರಾಜೀನಾಮೆ ಪತ್ರದಲ್ಲಿ ಅವರು ಹೇಳಿದ ಮಾತು ನಿಮ್ಮ ಪ್ರಶ್ನೆಯ ಅರ್ಧ ಉತ್ತರ. ರೈಸ್ ಅವರನ್ನು ಆಗಲೇ ತೆಗೆದುಹಾಕಬೇಕೆಂದು ತಮಗೆ ಮೊದಲು ಅನ್ನಿಸಿತ್ತು, ಆದರೆ ಮಾನವ ಸಂಪನ್ಮೂಲ ವಿಭಾಗ, ವಿಶ್ವವಿದ್ಯಾಲಯದ ವಕೀಲರು, ಹೊರಗಿನಿಂದ ಕರೆಸಿದ ವಕೀಲರು ಎಲ್ಲರೂ ಸೇರಿ, ಈಗಿರುವ ನಿಯಮಗಳ ಪ್ರಕಾರ ವಜಾ ಮಾಡಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು ಎಂದು ಅವರು ಬರೆದರು. ಹೊರಗಿನ ವಕೀಲರ ವರದಿಯೂ ಕೋಚ್ ಗೆರೆ ದಾಟಿದ್ದಾರೆ ಎಂದು ಒಪ್ಪಿಕೊಂಡಿತ್ತು. ಆದರೆ ವಿಶ್ವವಿದ್ಯಾಲಯದ ನಿಯಮ ಹೇಳುವ ಅರ್ಥದಲ್ಲಿ ಅದು ಹಗೆತನದ ಕೆಲಸದ ವಾತಾವರಣ (ಕಿರುಕುಳದಿಂದ ಕೆಲಸ ಮಾಡಲಾಗದ ಸ್ಥಿತಿ) ಆಗುವುದಿಲ್ಲ ಎಂದಿತ್ತು. ಕಚೇರಿಯ ಮೇಜುಕುರ್ಚಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಳತೆಗೋಲು ಅದು. ವಿದ್ಯಾರ್ಥಿವೇತನ ನಿಲ್ಲಬಹುದೆಂಬ ಭಯದಲ್ಲಿ ಏಟು ತಿಂದು ಸುಮ್ಮನಿರುವ ಇಪ್ಪತ್ತರ ಹುಡುಗನನ್ನು ಅದರಿಂದ ಅಳೆದರು. ತನಿಖೆ ಮಾಡಿದ್ದು ಏನನ್ನು ಎಂದು ಕೇಳಿದಿರಿ. ತಪ್ಪು ನಡೆದಿದೆಯೇ ಎಂಬುದನ್ನಲ್ಲ, ಕೆಲಸದಿಂದ ತೆಗೆದರೆ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬುದನ್ನು.

ಈ ಅಳುಕಿನ ಹಿಂದೆ ಇರುವುದು ದುಡ್ಡು. ಪಿ.ಟಿ. ಮೇಷ್ಟ್ರ ಸಂಬಳ ನೋಡಿ ಬೆಳೆದ ನಮಗೆ ಇದರ ಗಾತ್ರ ಬೇಗ ಅಂದಾಜಿಗೆ ಬರುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸರ್ಕಾರದ ಬೊಕ್ಕಸಕ್ಕೆ ಸೇರಿದ ಸಂಸ್ಥೆಗಳ ನೌಕರರಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2021ರಲ್ಲಿ ಫುಟ್‌ಬಾಲ್ ಕೋಚ್ ಮೆಲ್ ಟಕರ್ ಜೊತೆ ಮಾಡಿಕೊಂಡ ಒಪ್ಪಂದ ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್‌ನದು. ಕಾರಣ ತೋರಿಸದೆ ತೆಗೆದರೆ ಉಳಿದ ಹಣವನ್ನು ಕೊಡಬೇಕು. ತಕ್ಕ ಕಾರಣವಿದ್ದು ತೆಗೆದರೆ ಒಂದು ಕಾಸೂ ಕೊಡಬೇಕಿಲ್ಲ. ಆದ್ದರಿಂದ ದೂರು ಬಂದ ಕೂಡಲೇ ವಕೀಲರು ಬಿಚ್ಚುವುದು ಒಪ್ಪಂದದ ಆ ಪುಟವನ್ನು.

ಟಕರ್ ವಿರುದ್ಧ 2022ರ ಡಿಸೆಂಬರ್‌ನಲ್ಲಿ ಲೈಂಗಿಕ ಕಿರುಕುಳದ ದೂರು ಬಂತು. ದೂರು ಕೊಟ್ಟವರು, ಲೈಂಗಿಕ ದೌರ್ಜನ್ಯ ತಡೆಯುವ ಬಗ್ಗೆ ಆಟಗಾರರಿಗೆ ಉಪನ್ಯಾಸ ಕೊಡಲು ಅವರೇ ಕರೆಸಿದ್ದ ಹೋರಾಟಗಾರ್ತಿ. (ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಇದನ್ನು ಅತಿಯಾಯಿತೆಂದು ಹೊಡೆದುಹಾಕುತ್ತಿದ್ದರು.) ಒಪ್ಪಿಗೆಯಿಂದಲೇ ನಡೆದದ್ದು ಎಂಬುದು ಟಕರ್ ವಾದ. ಹೊರಗಿನ ತನಿಖಾಧಿಕಾರಿ ಜುಲೈ ಹೊತ್ತಿಗೆ ಕೆಲಸ ಮುಗಿಸಿದರು, ವಿಚಾರಣೆಗೆ ಅಕ್ಟೋಬರ್‌ನಲ್ಲಿ ದಿನ ಗೊತ್ತಾಯಿತು. ಅಷ್ಟರಲ್ಲಿ ಹೊಸ ಋತು ಶುರುವಾಗಿ ಟಕರ್ ತಂಡವನ್ನು ಆಡಿಸುತ್ತಲೇ ಇದ್ದರು. 2023ರ ಸೆಪ್ಟೆಂಬರ್ 10ರಂದು ಯುಎಸ್‌ಎ ಟುಡೇ ಸುದ್ದಿ ಮಾಡಿತು. ಅಂದೇ ಸಂಬಳರಹಿತ ಅಮಾನತು, 27ರಂದು ವಜಾ. ಸುಮಾರು 8 ಕೋಟಿ ಡಾಲರ್ ಉಳಿಯಿತು.

ವಜಾಕ್ಕೆ ಆಧಾರವಾದ ಷರತ್ತಿನಲ್ಲಿ ಎರಡು ಮಾತುಗಳಿದ್ದವು. ಒಂದು ನೈತಿಕ ಅಧಃಪತನ. ಇನ್ನೊಂದು, ವಿಶ್ವವಿದ್ಯಾಲಯಕ್ಕೆ ಸಾರ್ವಜನಿಕ ಅಗೌರವ, ತಿರಸ್ಕಾರ ಅಥವಾ ಅಪಹಾಸ್ಯ ತರಬಹುದಾದ ನಡತೆ. ಎರಡನೆಯದನ್ನು ಮತ್ತೊಮ್ಮೆ ಓದಿ. ತರಬಹುದಾದ ಎಂದಿರುವುದರಿಂದ, ಅಕ್ಷರಶಃ ಓದಿದರೆ ಸುದ್ದಿಯಾಗುವವರೆಗೆ ಕಾಯಬೇಕಿಲ್ಲ ನಿಜ. ಆದರೆ ಯಾರಿಗೂ ಗೊತ್ತಿಲ್ಲದ ನಡತೆಯಿಂದ ಅಪಹಾಸ್ಯವಾಯಿತೆಂದು ನ್ಯಾಯಾಧೀಶರ ಮುಂದೆ ಸಾಧಿಸುವುದು ಕಷ್ಟ, ಮುಖಪುಟದಲ್ಲಿ ಬಂದ ಮೇಲೆ ಸುಲಭ. ಹುಡುಗರಿಗೋ ಮಹಿಳೆಗೋ ಆದ ನೋವು ಒಪ್ಪಂದದಲ್ಲಿ ಒಂದು ತೂಕ, ಸಂಸ್ಥೆಯ ಮಾನಕ್ಕೆ ಆದ ಪೆಟ್ಟು ಇನ್ನೊಂದು ತೂಕ. ಪತ್ರಿಕೆ ಬಂದ ಬೆಳಿಗ್ಗೆ ವಜಾ ಆಗುವುದಕ್ಕೆ ಆತ್ಮಸಾಕ್ಷಿ ಎಚ್ಚೆತ್ತದ್ದಷ್ಟೇ ಕಾರಣವಲ್ಲ. ಬಹಳ ಸಲ ಆ ಬೆಳಿಗ್ಗೆಯೇ ವಜಾ ಅಗ್ಗವಾಗುತ್ತದೆ.

ಅಗ್ಗವಾಗದ ಉದಾಹರಣೆಯೂ ಇದೆ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡನ್ ಮೆಕ್‌ನೇರ್ ಓಟದ ಅಭ್ಯಾಸದಲ್ಲಿ ಬಿಸಿಲಿನ ಆಘಾತಕ್ಕೆ ಕುಸಿದ. ಲಕ್ಷಣ ಕಾಣಿಸಿದ ಮೇಲೆ ಅವನನ್ನು ಮೈದಾನದಿಂದ ಹೊರಗೆ ಒಯ್ಯಲು 34 ನಿಮಿಷ ಹಿಡಿಯಿತು, ಆಂಬುಲೆನ್ಸ್ ಕ್ಯಾಂಪಸ್ ಬಿಡುವಷ್ಟರಲ್ಲಿ ಒಂದು ಗಂಟೆ 39 ನಿಮಿಷ. ಇಂಥ ಸಂದರ್ಭದಲ್ಲಿ ಜೀವ ಉಳಿಸುವ ತಣ್ಣೀರ ತೊಟ್ಟಿಯಲ್ಲಿ ಅವನನ್ನು ಮುಳುಗಿಸಲಿಲ್ಲ. ಜೂನ್ 13ರಂದು ಆ ಹುಡುಗ ತೀರಿಕೊಂಡ. ತಂಡದಲ್ಲಿ ಬೈದು ಅವಮಾನಿಸಿ ಹೆದರಿಸುವ ವಾತಾವರಣವಿದೆ ಎಂದು ಆಗಸ್ಟ್‌ನಲ್ಲಿ ಇಎಸ್‌ಪಿಎನ್ ವರದಿ ಮಾಡಿದ ಮೇಲೆ ಮುಖ್ಯ ಕೋಚ್ ಡಿ.ಜೆ. ಡರ್ಕಿನ್ ರಜೆಯ ಮೇಲೆ ಹೋದರು. ಅಕ್ಟೋಬರ್ 30ರಂದು ಆಡಳಿತ ಮಂಡಳಿ ಅವರನ್ನು ಮತ್ತೆ ಹುದ್ದೆಗೆ ಕರೆಸಿತು. ವಿದ್ಯಾರ್ಥಿಗಳು, ಆಟಗಾರರ ಪೋಷಕರು, ಗವರ್ನರ್ ಎಲ್ಲರೂ ತಿರುಗಿಬಿದ್ದರು. ಮರುದಿನವೇ ವಿಶ್ವವಿದ್ಯಾಲಯದ ಅಧ್ಯಕ್ಷರು ಡರ್ಕಿನ್ ಅವರನ್ನು ತೆಗೆದುಹಾಕಿದರು. ತಕ್ಕ ಕಾರಣ ಎಂಬ ಷರತ್ತು ಬಳಸಲಿಲ್ಲವಾದ್ದರಿಂದ ಸುಮಾರು 55 ಲಕ್ಷ ಡಾಲರ್ ಕೊಟ್ಟು ಕಳಿಸಬೇಕಾಯಿತು.

ಇನ್ನು ಉತ್ತರದ ಉಳಿದರ್ಧ. ದೂರು ಮೇಲಕ್ಕೆ ಹೋಗುವ ಏಣಿಯ ಪ್ರತಿ ಮೆಟ್ಟಿಲ ಮೇಲೂ ಕೋಚ್‌ನ ಗೆಲುವಿನಿಂದ ಬದುಕುವ ಒಬ್ಬರು ಕುಳಿತಿರುತ್ತಾರೆ. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇದು ದಿನದ ಲೆಕ್ಕದಲ್ಲಿ ಸಿಗುತ್ತದೆ. 2001ರ ಫೆಬ್ರವರಿ 9, ಶುಕ್ರವಾರ ರಾತ್ರಿ. ನಿವೃತ್ತ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ತಂಡದ ಸ್ನಾನದ ಕೋಣೆಯಲ್ಲಿ ಒಬ್ಬ ಬಾಲಕನ ಜೊತೆ ಇದ್ದದ್ದನ್ನು ಕಿರಿಯ ಸಹಾಯಕ ಮೈಕ್ ಮೆಕ್ವೀರಿ ಕಂಡರು. ಶನಿವಾರ ಬೆಳಿಗ್ಗೆ ಅವರು ಹೋಗಿ ಹೇಳಿದ್ದು ಪೊಲೀಸರಿಗಲ್ಲ, ಮುಖ್ಯ ಕೋಚ್ ಜೋ ಪಟೇರ್ನೊ ಅವರಿಗೆ. ಪಟೇರ್ನೊ ಅದನ್ನು ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ ಅವರಿಗೆ ದಾಟಿಸಿದರು. ಕೂಡಲೇ ಏಕೆ ಹೇಳಲಿಲ್ಲ ಎಂಬುದಕ್ಕೆ, ವಾರಾಂತ್ಯದಲ್ಲಿ ಅವರಿಗೆಲ್ಲ ತೊಂದರೆ ಕೊಡಲು ಮನಸ್ಸಾಗಲಿಲ್ಲ ಎಂದು ಮುಂದೆ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಲು ಸಾಕ್ಷ್ಯ ಸಾಕೇ ಎಂದು ನೋಡುವ ನಾಗರಿಕರ ಮಂಡಳಿ) ಎದುರು ಹೇಳಿದರು. ಕರ್ಲಿ ಜೊತೆ ಸೇರಿದವರು ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್. ಕ್ಯಾಂಪಸ್ ಪೊಲೀಸರು ಇದ್ದದ್ದೇ ಇವರ ಕೈಕೆಳಗೆ.

ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆಗೆ ತಿಳಿಸುವುದೆಂದು ಮೊದಲು ಯೋಜನೆ ಇತ್ತು. ಆಮೇಲೆ ಕರ್ಲಿ ಇಮೇಲ್ ಬರೆದರು: ನಿನ್ನೆ ಜೋ ಜೊತೆ ಮಾತಾಡಿ ಯೋಚಿಸಿದ ಮೇಲೆ ನಾವು ಒಪ್ಪಿದ್ದು ನನಗೆ ಸರಿಕಾಣುತ್ತಿಲ್ಲ, ಮೊದಲು ಆ ವ್ಯಕ್ತಿಯ ಜೊತೆಗೇ ಮಾತಾಡೋಣ. ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಅದನ್ನು ಮಾನವೀಯ ದಾರಿ ಎಂದು ಮೆಚ್ಚಿ ಒಪ್ಪಿದರು. ಮಾತು ಸ್ಯಾಂಡಸ್ಕಿಯ ಕಿವಿಗೆ ಬೀಳದಿದ್ದರೆ ವರದಿ ಮಾಡದ ತಪ್ಪು ನಮ್ಮ ತಲೆಗೆ ಬರುತ್ತದೆ, ಅದೊಂದೇ ತೊಂದರೆ ಎಂದೂ ಬರೆದರು. ಆ ಬಾಲಕ ಯಾರು, ಈಗ ಎಲ್ಲಿದ್ದಾನೆ ಎಂದು ಹುಡುಕಲು ಯಾರೂ ಹೊರಡಲಿಲ್ಲ. ಪಟೇರ್ನೊ ಪಾತ್ರದ ಬಗ್ಗೆ ಅವರ ಕುಟುಂಬಕ್ಕೂ ವಿಶ್ವವಿದ್ಯಾಲಯ ಆಮೇಲೆ ಮಾಡಿಸಿದ ತನಿಖೆಯ ವರದಿಗೂ ಇವತ್ತಿಗೂ ಹೊಂದಾಣಿಕೆಯಿಲ್ಲ. ಆದರೆ ಇಮೇಲ್‌ನ ದಿನಾಂಕಗಳನ್ನು ಯಾರೂ ಅಲ್ಲಗಳೆದಿಲ್ಲ.

ಹತ್ತು ವರ್ಷ ಕಳೆಯಿತು. 2011ರ ನವೆಂಬರ್‌ನಲ್ಲಿ ಸ್ಯಾಂಡಸ್ಕಿಯ ಬಂಧನವಾಯಿತು. ನಾಲ್ಕೈದು ದಿನದೊಳಗೆ, 46 ಋತುಗಳ ದೊರೆ ಪಟೇರ್ನೊ ಅವರನ್ನು ಫೋನ್ ಮಾಡಿ ತೆಗೆದರು. 10 ಬಾಲಕರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ 45 ಆರೋಪಗಳಲ್ಲಿ ಸ್ಯಾಂಡಸ್ಕಿ ಅಪರಾಧಿಯಾದ, ಸ್ಪ್ಯಾನಿಯರ್ ಕೂಡ ಕೊನೆಗೆ 2021ರಲ್ಲಿ ಜೈಲಿಗೆ ಹೋಗಬೇಕಾಯಿತು. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ 6 ಕೋಟಿ ಡಾಲರ್ ದಂಡ ವಿಧಿಸಿ 112 ಗೆಲುವುಗಳನ್ನು ದಾಖಲೆಯಿಂದ ಅಳಿಸಿತು, 2015ರಲ್ಲಿ ಮತ್ತೆ ಬರೆಯಿತು. ಸ್ಕೋರುಪಟ್ಟಿಯಲ್ಲಿ ನ್ಯಾಯ ಹುಡುಕಿದರೆ ಇಷ್ಟೇ ಸಿಗುವುದು.

ಹಾಗೆಂದು ಸುದ್ದಿಯ ಮರುದಿನದ ತೀರ್ಪೇ ಸರಿಯಾದ ತೀರ್ಪು ಎಂದುಕೊಳ್ಳಬೇಡಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಟಗಾರರೊಳಗಿನ ರ‍್ಯಾಗಿಂಗ್ ಬಗ್ಗೆ ತಿಂಗಳುಗಟ್ಟಲೆ ತನಿಖೆ ನಡೆಯಿತು. 2023ರ ಜುಲೈ 7ರಂದು ಕೋಚ್ ಪ್ಯಾಟ್ ಫಿಟ್ಜ್‌ಜೆರಾಲ್ಡ್ ಅವರಿಗೆ ಎರಡು ವಾರದ ಅಮಾನತು ಸಿಕ್ಕಿತು. 8ರಂದು ವಿದ್ಯಾರ್ಥಿಗಳ ಪತ್ರಿಕೆ ವಿವರಗಳನ್ನು ಪ್ರಕಟಿಸಿತು, 10ರಂದು ವಜಾ. ಅವರು 13 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. 2025ರಲ್ಲಿ ರಾಜಿಯಾದಾಗ, ಯಾವ ಆಟಗಾರನೂ ರ‍್ಯಾಗಿಂಗ್ ಬಗ್ಗೆ ಅವರಿಗೆ ಹೇಳಿದ್ದಕ್ಕೆ, ಅವರು ಅದನ್ನು ಒಪ್ಪಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಿತು. ಮೂರು ದಿನದಲ್ಲಿ ಎರಡು ಬೇರೆ ಶಿಕ್ಷೆ ಕೊಟ್ಟ ಆಡಳಿತದ ಯಾವ ಶಿಕ್ಷೆಯನ್ನು ನಂಬಬೇಕು? ರಟ್ಗರ್ಸ್‌ನ ನಿಧಾನವೂ ಇಲ್ಲಿನ ಅವಸರವೂ ಒಂದೇ ಬೇರಿನವು. ಎರಡು ಕಡೆಯೂ ಮೊದಲು ನೋಡಿದ್ದು ಹೊರಗೆ ಹೇಗೆ ಕಾಣುತ್ತೇವೆ ಎಂಬುದನ್ನು.

ವಿಳಂಬಕ್ಕೆ ನ್ಯಾಯವಾದ ಒಂದು ಕಾರಣವೂ ಇದೆ. ಲೈಂಗಿಕ ಕಿರುಕುಳದ ದೂರುಗಳು, ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿನಡಿ ನಡೆಯುತ್ತವೆ. 2020ರ ನಿಯಮಾವಳಿ ಕಾಲೇಜುಗಳಲ್ಲಿ ಪಾಟೀಸವಾಲು ಸಹಿತ ವಿಚಾರಣೆ ಕೇಳುತ್ತದೆ, ಅದು ವಾರದಲ್ಲಿ ಮುಗಿಯುವಂಥದ್ದಲ್ಲ. ನಮ್ಮಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಂತರಿಕ ಸಮಿತಿಗೆ 90 ದಿನ ಕೊಟ್ಟಿದೆ, ಕಾಗದದ ಮೇಲಂತೂ.

ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದವರಿಗೆ ಒಂದು ಮಾತು. ತಂಡದಲ್ಲಿ ಏನಾದರೂ ನಡೆದರೆ ಸಹಾಯಕ ಕೋಚ್‌ಗೋ ಕ್ರೀಡಾ ನಿರ್ದೇಶಕರಿಗೋ ಹೇಳಿ ಸುಮ್ಮನಾಗಬಾರದು. ಲೈಂಗಿಕ ಕಿರುಕುಳದ ದೂರಾದರೆ, ಅದನ್ನು ನೋಡಿಕೊಳ್ಳುವ ಟೈಟಲ್ ನೈನ್ ಸಂಯೋಜಕರ ಹೆಸರು, ವಿಳಾಸ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇರಲೇಬೇಕು, ಬರವಣಿಗೆಯಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಅಪರಾಧವೆನಿಸಿದರೆ ಕ್ಯಾಂಪಸ್ ಪೊಲೀಸರನ್ನಷ್ಟೇ ನೆಚ್ಚದೆ ಊರಿನ ಪೊಲೀಸ್ ಠಾಣೆಗೂ ಹೋಗಿ.

ಪೆನ್ಸಿಲ್ವೇನಿಯಾದಲ್ಲಿ ಆಗ ಇದ್ದ ಕಾನೂನಿನ ಪ್ರಕಾರ ಮಗುವಿನ ಮೇಲಿನ ದೌರ್ಜನ್ಯ ಕಂಡ ನೌಕರ ತನ್ನ ಮೇಲಧಿಕಾರಿಗೆ ಹೇಳಿದರೆ ಸಾಕಾಗಿತ್ತು. 2014ರಲ್ಲಿ ಅದನ್ನು ತಿದ್ದಿದರು. ಈಗ ನೌಕರ ತಾನೇ ರಾಜ್ಯದ ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಮೇಲಧಿಕಾರಿಗೆ ಹೇಳುವುದು ಅದಾದ ಮೇಲೆ.