ಬೇಲು ಬಿಚ್ಚುವ ಜಾಗ: ಹಳೆಯ ರಿಸೀವರ್ ಮತ್ತು ನಷ್ಟರಹಿತ ಸರೌಂಡ್ ಧ್ವನಿ

ಗದಗಿನಲ್ಲಿರುವ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ 2007ರಲ್ಲಿ ಕೊಂಡ ಹೋಮ್ ಥಿಯೇಟರ್ ರಿಸೀವರ್, ಅಂದರೆ ಪ್ಲೇಯರಿನ ಧ್ವನಿಯನ್ನು ಸ್ಪೀಕರುಗಳಿಗೆ ಹಂಚಿಕೊಡುವ ಪೆಟ್ಟಿಗೆ, ಒಂದಿದೆ. ಐದು ಸ್ಪೀಕರು, ಒಂದು ಸಬ್‌ವೂಫರು. ಇಂದಿಗೂ ಒಂದರ ದನಿಯೂ ಕೆಟ್ಟಿಲ್ಲ. ಕಳೆದ ದೀಪಾವಳಿಗೆ ಅವರು ಬ್ಲೂ-ರೇ ಪ್ಲೇಯರ್ ತಂದು, ಹಿಂದೆ ಡಿವಿಡಿ ಪ್ಲೇಯರಿಗೆ ಹಾಕಿದ್ದ ಆಪ್ಟಿಕಲ್ ಕೇಬಲ್ಲನ್ನೇ ಅದಕ್ಕೂ ಸಿಕ್ಕಿಸಿದರು. ಡಿಸ್ಕಿನ ಹೊದಿಕೆಯ ಮೇಲೆ ‘ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ’ ಎಂದು ಬರೆದಿದ್ದರೂ ರಿಸೀವರಿನ ಮೇಲೆ ಬೆಳಗಿದ್ದು ಬರೀ ‘ಡಿಟಿಎಸ್’. ವಿಚಾರಿಸಲು ಹೋದ ಅಂಗಡಿಯಲ್ಲಿ “ಇದು ಭಾಳ ಹಳೇದಾತ್ರಿ, ಹೊಸಾದು ತಗೋರಿ” ಎಂಬ ಉತ್ತರ ಸಿಕ್ಕಿತು. ಅದು ಅವಸರದ ಉತ್ತರ. ತೊಡಕು ಇದ್ದದ್ದು ರಿಸೀವರಿನಲ್ಲಲ್ಲ, ತಂತಿಯಲ್ಲಿ.

ಧ್ವನಿಯನ್ನು ಕಿರಿದಾಗಿಸುವ ದಾರಿಗಳು ಎರಡು. ಡಿವಿಡಿ ಕಾಲದ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್‌ಗಳು ಕಿವಿಗೆ ಹೇಗೂ ಕೇಳಿಸದ ಅಂಶಗಳನ್ನು ಕೈಬಿಟ್ಟು ಗಾತ್ರ ಇಳಿಸುತ್ತವೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹುಬ್ಬಳ್ಳಿಯ ಓಣಿಯಲ್ಲಿ ಜಗ್ಗಲಗಿ ಬಾರಿಸುತ್ತಿರುವಾಗ ಪಕ್ಕದಲ್ಲಿ ನಿಂತವರ ಪಿಸುಮಾತು ಕೇಳಿಸುವುದಿಲ್ಲ. ಕೇಳಿಸದ ಆ ಮಾತನ್ನು ದಾಖಲಿಸುವುದೇಕೆ ಎಂಬುದು ಈ ದಾರಿಯ ತರ್ಕ. ನಷ್ಟರಹಿತ ದಾರಿ ಇದಕ್ಕಿಂತ ಬೇರೆ. ನಮ್ಮ ಕಡೆಯ ಪ್ರೆಸ್ಸಿಂಗ್ ಕಾರ್ಖಾನೆಗಳಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವಾಗ ಒಂದು ಎಳೆಯನ್ನೂ ಎಸೆಯುವುದಿಲ್ಲ, ಬಿಚ್ಚಿದರೆ ಹಾಕಿದ್ದಷ್ಟೂ ಹತ್ತಿ ಹೊರಗೆ ಬರುತ್ತದೆ. ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಇಂಥ ಬೇಲುಗಳು. ಧ್ವನಿಯ ಅಲೆಯಲ್ಲಿ ಮುಂದೆ ಬರುವ ಅಂಕಿಯನ್ನು ಹಿಂದಿನ ಅಂಕಿಗಳಿಂದ ಊಹಿಸಿ, ಊಹೆ ಎಷ್ಟು ತಪ್ಪಿತು ಎಂಬುದನ್ನಷ್ಟೇ ಬರೆದಿಡುವುದು ಇವುಗಳ ಮುಖ್ಯ ಉಪಾಯ. ತೀನತಾಲದ ಠೇಕಾ ಬಲ್ಲ ತಬಲಾವಾದಕರಿಗೆ ಹದಿನಾರು ಮಾತ್ರೆಗಳನ್ನೂ ಬರೆದುಕೊಡಬೇಕಾಗಿಲ್ಲ, ಎಲ್ಲಿ ಬದಲಾವಣೆಯಿದೆ ಎಂದು ಹೇಳಿದರೆ ಸಾಕಾಗುತ್ತದೆಯಲ್ಲ, ಹಾಗೆ.

ಈಗ ಆ ಕೆಂಪು ಬೆಳಕಿನ ಕೇಬಲ್ಲಿಗೆ ಬರೋಣ. 1983ರಲ್ಲಿ ತೋಶಿಬಾ ಇದನ್ನು ತಂದಾಗ ಸಿಡಿಯ ಕಾಲ. ಬೇಕಾಗಿದ್ದುದು ಎರಡೇ ಚಾನೆಲ್, ಅಂದರೆ ಎಡ ಮತ್ತು ಬಲ ಸ್ಪೀಕರಿಗೆ ಒಂದೊಂದು ಧ್ವನಿ. ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿದ ಡಿಜಿಟಲ್ ಧ್ವನಿಯ ಒಪ್ಪಂದವೂ ಎರಡು ಚಾನೆಲ್ಲುಗಳ ಲೆಕ್ಕದ್ದೇ. ಸೆಕೆಂಡಿಗೆ 48,000 ಮಾದರಿ (ಧ್ವನಿಯ ಅಲೆಯ ಅಳತೆ), ಪ್ರತಿ ಮಾದರಿಗೆ 16 ಬಿಟ್, ಎರಡು ಚಾನೆಲ್: ಗುಣಿಸಿದರೆ 15,36,000 ಬಿಟ್. ಮುಂದೆ ಸರೌಂಡ್ ಧ್ವನಿ ಬಂದಾಗ, ಎರಡು ಚಾನೆಲ್ಲಿಗೆ ಮೀಸಲಾಗಿದ್ದ ಇದೇ ಜಾಗದೊಳಗೆ ಡಾಲ್ಬಿ ಡಿಜಿಟಲ್ಲನ್ನೂ ಡಿಟಿಎಸ್ಸನ್ನೂ ತುಂಬಿ ಕಳಿಸುವ ಪದ್ಧತಿ ರೂಢಿಯಾಯಿತು. ಡಿಟಿಎಸ್‌ನ ಪೂರ್ಣ ವೇಗ ಸೆಕೆಂಡಿಗೆ ಸುಮಾರು 15,09,000 ಬಿಟ್ ಇರುವುದು ಆಕಸ್ಮಿಕವಲ್ಲ, ಅದು ಈ ಜಾಗಕ್ಕೆ ಅಳೆದು ಹೊಲಿದ ಅಂಗಿ. ಆದರೆ 24 ಬಿಟ್‌ನ ಆರು ಚಾನೆಲ್ಲುಗಳಿಗೆ ಸೆಕೆಂಡಿಗೆ 69 ಲಕ್ಷ ಬಿಟ್ ಬೇಕು. ನಷ್ಟರಹಿತ ಬೇಲು ಕಟ್ಟಿದರೂ ಅದು ಈ ಕಿಂಡಿಯಲ್ಲಿ ಹಿಡಿಸುವಷ್ಟು ಸಣ್ಣದಾಗುವುದಿಲ್ಲ. ಟ್ರೂಎಚ್‌ಡಿಯ ಗರಿಷ್ಠ ವೇಗವೇ 1.8 ಕೋಟಿ ಬಿಟ್, ಡಿಟಿಎಸ್-ಎಚ್‌ಡಿಯದು 2.45 ಕೋಟಿ. ದೋಷ ಬೆಳಕಿನದಲ್ಲ, ಬೆಳಕು ಇದಕ್ಕಿಂತ ಎಷ್ಟೋ ಪಾಲು ಹೊರಬಲ್ಲದು. ಒಪ್ಪಂದವೇ ಕಿರಿದು.

ಹಾಗಾದರೆ ಮಾವನ ಮನೆಯಲ್ಲಿ ಧ್ವನಿ ಪೂರ್ತಿ ನಿಂತುಹೋಗದೆ ‘ಡಿಟಿಎಸ್’ ಎಂದಾದರೂ ಏಕೆ ಬಂತು? ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊದೊಳಗೆ ಹಳೆಯ ಡಿಟಿಎಸ್ ಒಂದು ತಿರುಳಾಗಿ ಕೂತಿರುತ್ತದೆ. ತಿರುಳಿಗೂ ಮೂಲಕ್ಕೂ ಇರುವ ವ್ಯತ್ಯಾಸ ಅದರ ಮೇಲೆ ಬೇರೆ ಪದರವಾಗಿ ಇರುತ್ತದೆ. ಆಪ್ಟಿಕಲ್ ಕೇಬಲ್ ಕಂಡಾಗ ಪ್ಲೇಯರು ಪದರವನ್ನು ಬಿಟ್ಟು ತಿರುಳನ್ನು ಮಾತ್ರ ಕಳಿಸುತ್ತದೆ. ಟ್ರೂಎಚ್‌ಡಿಯಲ್ಲಿ ಇಂಥ ತಿರುಳಿಲ್ಲ. ಆದ್ದರಿಂದ ಬ್ಲೂ-ರೇ ಡಿಸ್ಕಿನಲ್ಲಿ ಅದರ ಜೊತೆಗೆ ಮಾಮೂಲಿ ಡಾಲ್ಬಿ ಡಿಜಿಟಲ್ ಧ್ವನಿಯನ್ನೂ ಕಡ್ಡಾಯವಾಗಿ ಇಟ್ಟಿರುತ್ತಾರೆ. ಹಳೆಯ ಯಂತ್ರವಿದ್ದವರನ್ನು ಮರೆಯದ ಈ ಏರ್ಪಾಟನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಪೂರ್ತಿ ಧ್ವನಿಯೇ ಬೇಕೆಂದರೆ ಬೇಲನ್ನು ಎಲ್ಲಿ ಬಿಚ್ಚಬೇಕು ಎಂದು ಯೋಚಿಸಬೇಕು. ಈ ಹೊಸ ಬೇಲುಗಳನ್ನು ಬಿಚ್ಚದೆ ಹಾಗೇ ಸಾಗಿಸುವ ಸೌಕರ್ಯ, ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಒಯ್ಯುವ ಎಚ್‌ಡಿಎಂಐಗೆ ಬಂದದ್ದು 2006ರ 1.3 ಆವೃತ್ತಿಯಲ್ಲಿ. ಆದರೆ ಬಿಚ್ಚಿದ ಹತ್ತಿಯನ್ನು, ಅಂದರೆ ಪಿಸಿಎಂ ರೂಪದ ಎಂಟು ಚಾನೆಲ್ಲುಗಳನ್ನು, ಅದಕ್ಕೂ ಹಿಂದಿನ ಎಚ್‌ಡಿಎಂಐ ಕೂಡ ಹೊರಬಲ್ಲದು. ಹೀಗಾಗಿ ರಿಸೀವರಿಗೆ ಟ್ರೂಎಚ್‌ಡಿಯ ಹೆಸರೇ ಗೊತ್ತಿರದಿದ್ದರೂ ಪ್ಲೇಯರಿನಲ್ಲೇ ಬಿಚ್ಚಿ ಪಿಸಿಎಂ ಆಗಿ ಕಳಿಸಿದರೆ ಒಂದು ಬಿಟ್ಟೂ ಕಡಿಮೆಯಾಗದೆ ಅದೇ ಧ್ವನಿ ತಲುಪುತ್ತದೆ. ಒಂದು ಎಚ್ಚರ ಬೇಕು: ಆ ಕಾಲದ ಕೆಲವು ರಿಸೀವರುಗಳ ಎಚ್‌ಡಿಎಂಐ ಚಿತ್ರವನ್ನಷ್ಟೇ ದಾಟಿಸುತ್ತದೆ, ಧ್ವನಿಯನ್ನು ಮುಟ್ಟುವುದಿಲ್ಲ. ಅಂಥಲ್ಲಿ ಹಿಂಬದಿಯ ಆರು ಅನಲಾಗ್ ತೂತುಗಳೇ ಗತಿ. ಪ್ಲೇಯರಿಗೂ ಅಂಥವೇ ಆರು ಇರಬೇಕು. ಈ ದಾರಿಯಲ್ಲಿ ಬಂದ ಧ್ವನಿಯನ್ನು ಅನೇಕ ರಿಸೀವರುಗಳು ತಿದ್ದದೆ ನೇರವಾಗಿ ಸ್ಪೀಕರಿಗೆ ಕೊಡುವುದರಿಂದ, ಸ್ಪೀಕರುಗಳ ಗಾತ್ರ ಮತ್ತು ದೂರವನ್ನು ಪ್ಲೇಯರಿನಲ್ಲೇ ನಮೂದಿಸಬೇಕಾಗುತ್ತದೆ.

ಟಿವಿಯ ಮೂಲಕ ಹಾಯಿಸುವವರಿಗೆ ದಾರಿ ಇನ್ನೂ ಇಕ್ಕಟ್ಟು. ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ರಿಸೀವರಿಗೆ ಮರಳಿಸಲು 2009ರಲ್ಲಿ ಬಂದ ಎಆರ್‌ಸಿಯೂ ನಷ್ಟರಹಿತ ಸರೌಂಡನ್ನು ಹೊರಲಾರದು, ಅದಕ್ಕೆ ಅದರ ಸುಧಾರಿತ ರೂಪವಾದ 2017ರ ಇಎಆರ್‌ಸಿಯೇ ಬೇಕು. 4ಕೆ ಡಿಸ್ಕುಗಳಲ್ಲಿ ನಕಲು ತಡೆಯುವ ಬೀಗವೂ ಬೇರೆ, ಹಳೆಯ ರಿಸೀವರು ನಡುವೆ ಬಂದರೆ ಚಿತ್ರ ನಿಲ್ಲಬಹುದು. ಎರಡು ಎಚ್‌ಡಿಎಂಐ ಇರುವ ಪ್ಲೇಯರು ಕೊಂಡು ಒಂದನ್ನು ಟಿವಿಗೆ, ಇನ್ನೊಂದನ್ನು ರಿಸೀವರಿಗೆ ಕೊಟ್ಟರೆ ಈ ಅಡಚಣೆ ತೀರುತ್ತದೆ. ತಲೆಯ ಮೇಲಿಂದಲೂ ದನಿ ಕೇಳಿಸುವ ಡಾಲ್ಬಿ ಅಟ್ಮಾಸ್‌ನ ಎತ್ತರದ ಮಾಹಿತಿ ಪಿಸಿಎಂನಲ್ಲಿ ಉಳಿಯುವುದಿಲ್ಲ, ಆದರೆ ತಲೆಯ ಮೇಲಿಂದ ಬರಬೇಕಾದ ದನಿ ಕೆಳಗಿನ ಸ್ಪೀಕರುಗಳಲ್ಲೇ ಬೆರೆತು ಬರುತ್ತದೆ.

ಟೈಲ್ಸ್ ಹಾಸಿದ, ಬರಿಗೋಡೆಯ ನಮ್ಮ ಪಡಸಾಲೆಗಳಲ್ಲಿ ಡಿಟಿಎಸ್‌ನ ತಿರುಳಿಗೂ ನಷ್ಟರಹಿತ ಧ್ವನಿಗೂ ಇರುವ ಅಂತರ ದೊಡ್ಡದೇನಲ್ಲ. ಹಿಂದಿನ ಎರಡು ಸ್ಪೀಕರುಗಳನ್ನು ಅಟ್ಟದ ಮೇಲಿಂದ ಕಿವಿಯ ಮಟ್ಟಕ್ಕೆ ಇಳಿಸಿದರೆ ಆಗುವ ಲಾಭ ಇದಕ್ಕಿಂತ ಹೆಚ್ಚು ಎಂಬುದು ನನ್ನ ಅನಿಸಿಕೆ. ಹಾಗೆಂದು ಕೊಂಡ ಡಿಸ್ಕಿನಲ್ಲಿ ಇರುವುದನ್ನು ಪೂರ್ತಿ ಕೇಳುವ ಆಸೆ ತಪ್ಪಲ್ಲ.

ಸಂಕ್ರಾಂತಿಗೆ ಗದಗಿಗೆ ಹೋದಾಗ ರಿಸೀವರಿನ ಹಿಂಬದಿಯ ಧೂಳು ಒರೆಸಿ, ಆಪ್ಟಿಕಲ್ ಕೇಬಲ್ ತೆಗೆದು, ಅಷ್ಟು ವರ್ಷ ಖಾಲಿಯಿದ್ದ ಎಚ್‌ಡಿಎಂಐ ತೂತಿಗೆ ಕೇಬಲ್ ಹಾಕಿದೆ. ಪ್ಲೇಯರಿನ ಧ್ವನಿ ಪಟ್ಟಿಯಲ್ಲಿ ‘ಬಿಟ್‌ಸ್ಟ್ರೀಮ್’ (ಬೇಲನ್ನು ಬಿಚ್ಚದೆ ಕಳಿಸುವ ಆಯ್ಕೆ) ಬದಲು ‘ಪಿಸಿಎಂ’ ಆರಿಸಿದೆ. ಚಿತ್ರ ಶುರುವಾದಾಗ ರಿಸೀವರಿನ ಮುಖದ ಮೇಲೆ ಡಿಟಿಎಸ್ ಎಂಬ ಅಕ್ಷರಗಳೂ ಆರಿಹೋಗಿ ‘ಮಲ್ಟಿ ಚಾನೆಲ್’ ಎಂದು ಬಂತು. “ಇದ್ದದ್ದೂ ಹೋತಲ್ಲೋ” ಎಂದು ಮಾವ ಗಾಬರಿಯಾದರು. ಬೇಲನ್ನು ಪ್ಲೇಯರೇ ಬಿಚ್ಚಿಯಾಗಿದೆ, ರಿಸೀವರಿನ ಮುಂದಿರುವುದು ಬಿಡಿ ಹತ್ತಿ, ಅದಕ್ಕೆ ಬೇಲಿನ ಹೆಸರು ತಿಳಿಯುವ ಕಾರಣವಿಲ್ಲ ಎಂದು ಹೇಳಿದೆ. ಅವರು ದನಿ ಇನ್ನಷ್ಟು ಏರಿಸಿ, ಹಿಂದಿನ ಸ್ಪೀಕರಿಗೆ ಕಿವಿಗೊಟ್ಟು ಕೂತರು.