ಇಳಿದದ್ದು 30.5, ಏರಿದ್ದು 44: ಭಾರತ–ಪಾಕಿಸ್ತಾನ ರೂಪಾಯಿ ದರದ ಲೆಕ್ಕ

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರ್‌ನಿಂದ 2.80 ಡಾಲರ್‌ಗೆ ಇಳಿಸಿತು. ಭಾರತವೂ ಅದರ ಹಿಂದೆಯೇ ರೂಪಾಯಿಯನ್ನು 30.5% ಇಳಿಸಿತು. ಪಾಕಿಸ್ತಾನ ಮಾತ್ರ ಇಳಿಸಲಿಲ್ಲ. ಅಲ್ಲಿಯವರೆಗೆ ಸರಿಸಮ ಇದ್ದ ಎರಡು ರೂಪಾಯಿಗಳ ದರ ಬದಲಾಯಿತು: 100 ಪಾಕಿಸ್ತಾನಿ ರೂಪಾಯಿಗೆ 144 ಭಾರತೀಯ ರೂಪಾಯಿ.

ಇಲ್ಲಿ ಎಲ್ಲರೂ ಒಮ್ಮೆ ನಿಲ್ಲುತ್ತಾರೆ. ಇಳಿದದ್ದು 30.5 ಅಂದಮೇಲೆ 130.50 ಆಗಬೇಕಿತ್ತು ಅಲ್ವಾ? 144 ಎಲ್ಲಿಂದ ಬಂತು? ಪರೀಕ್ಷೆಯ ಗೈಡುಗಳಲ್ಲಿ ಇದನ್ನು ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಈ ಟಿಪ್ಪಣಿ.

ಮೊದಲು ದರ ತೆಗೆಯುವುದು

ಇಂಥ ಎರಡು ದೇಶಗಳ ನಡುವಿನ ದರವನ್ನು ಸಾಮಾನ್ಯವಾಗಿ ಡಾಲರ್ ಮೂಲಕವೇ ತೆಗೆಯಬೇಕು. ಇದಕ್ಕೆ ಕ್ರಾಸ್ ರೇಟ್ ಅನ್ನುತ್ತಾರೆ. 1949ರ ನಂತರ 1 ಡಾಲರ್‌ಗೆ ಭಾರತದ್ದು 4.76 ರೂಪಾಯಿ, ಪಾಕಿಸ್ತಾನದ್ದು ಹಳೆಯ 3.31 ರೂಪಾಯಿ. ಎರಡರ ಬೆಲೆಯೂ ಅದೇ ಒಂದು ಡಾಲರ್. 4.76 ÷ 3.31 ಮಾಡಿದರೆ 1.44. ಯಾವ ದೇಶದ ರೂಪಾಯಿಯಲ್ಲಿ ಉತ್ತರ ಬೇಕೋ ಅದು ಮೇಲೆ, ಇನ್ನೊಂದು ಕೆಳಗೆ. ಇಷ್ಟೇ.

ಶೇಕಡಾ ತಲೆ ಕೆಡಿಸುವ ಜಾಗ

ಈಗ ಸೆಂಟ್‌ಗಳಲ್ಲಿ ನೋಡಿ (100 ಸೆಂಟ್‌ಗೆ ಒಂದು ಡಾಲರ್). ನಮ್ಮ ಒಂದು ರೂಪಾಯಿ ಮೊದಲು 30.225 ಸೆಂಟ್ ಇತ್ತು. ಆಮೇಲೆ 21 ಸೆಂಟ್ ಆಯಿತು. ಹೋದದ್ದು 9.225 ಸೆಂಟ್. ಇದನ್ನು ಹಳೆಯ 30.225ರ ಮೇಲೆ ಲೆಕ್ಕ ಹಾಕಿದರೆ 30.5%. ಅದೇ 9.225 ಅನ್ನು ಹೊಸ 21ರ ಮೇಲೆ ಲೆಕ್ಕ ಹಾಕಿದರೆ 43.9%. ವ್ಯತ್ಯಾಸದ ಮೊತ್ತ ಒಂದೇ, ಯಾವುದರ ಮೇಲೆ ಲೆಕ್ಕ ಹಾಕುತ್ತೀರಿ ಅನ್ನುವುದು ಬೇರೆ. ನಮ್ಮ ರೂಪಾಯಿ ಎಷ್ಟು ಕಳೆದುಕೊಂಡಿತು ಅಂತ ಕೇಳಿದರೆ ಹಳೆಯ ಬೆಲೆಯೇ ಆಧಾರ. ಅವರ ರೂಪಾಯಿ ಕೊಳ್ಳಲು ನಾವು ಎಷ್ಟು ಜಾಸ್ತಿ ಕೊಡಬೇಕು ಅಂತ ಕೇಳಿದರೆ ನಮ್ಮ ಇಳಿದ ಬೆಲೆ ಆಧಾರ.

ಸೆಂಟ್ ಲೆಕ್ಕ ಸುಮ್ನೆ ಗಾಳಿಯಲ್ಲಿ ತೇಲುತ್ತೆ ಅನ್ನಿಸಿದರೆ ನಮ್ಮ ಕಡೆಯದೇ ಉದಾಹರಣೆ ಇದೆ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ಅನ್ನುವ ನಿಜಾಮರ ರೂಪಾಯಿ, ಚಿಕ್ಕದಾಗಿ ಹಾಲಿ. ಈಗಲೂ ಕೆಲವು ಮನೆಗಳ ಹಳೇ ಪೆಟ್ಟಿಗೆಯಲ್ಲಿ ಚಾರ್ಮಿನಾರ್ ಚಿತ್ರದ ಆ ನಾಣ್ಯ ಸಿಗುತ್ತದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ ಬ್ರಿಟಿಷ್ ಇಂಡಿಯಾದ ಕಲ್ದಾರ್ ರೂಪಾಯಿ. ಗಂಗಾವತಿ ಕಡೆಯಿಂದ ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ದುಡ್ಡೇ ಬೇರೆ! ಅಧಿಕೃತ ದರ 100 ಕಲ್ದಾರ್‌ಗೆ ಹಾಲಿ 116 ರೂಪಾಯಿ 10 ಆಣೆ 8 ಪೈ. ನೋಡಿದರೆ ಭಯ ಆಗುತ್ತೆ. ಆದರೆ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಹಾಗಾಗಿ 10 ಆಣೆ 8 ಪೈ ಅಂದರೆ ರೂಪಾಯಿಯ ಮೂರರಲ್ಲಿ ಎರಡು ಪಾಲು. ಒಟ್ಟು 116.67. ಅಂದರೆ 6 ಕಲ್ದಾರ್‌ಗೆ 7 ಹಾಲಿ.

ಬಳ್ಳಾರಿಯಲ್ಲಿ ಹತ್ತಿ ಮಾರಿ 600 ಕಲ್ದಾರ್ ತಂದವನಿಗೆ ರಾಯಚೂರಿನಲ್ಲಿ 700 ಹಾಲಿ. 600ರ ಮೇಲೆ 100 ಜಾಸ್ತಿ, ಅಂದರೆ ಆರರಲ್ಲಿ ಒಂದು ಪಾಲು, 16.67%. ರಾಯಚೂರಿನಿಂದ 700 ಹಾಲಿ ಹಿಡಿದು ಹೋದವನಿಗೆ ಅಲ್ಲಿ 600 ಕಲ್ದಾರ್. 700ರಲ್ಲಿ 100 ಕಡಿಮೆ, ಅಂದರೆ ಏಳರಲ್ಲಿ ಒಂದು ಪಾಲು, 14.29%. ದರ ಒಂದಿಷ್ಟೂ ಬದಲಾಗಿಲ್ಲ. ನೂರು ಅದೇ ನೂರು. ಹೊಳೆಯ ಯಾವ ದಡದಲ್ಲಿ ನಿಂತು ಎಣಿಸುತ್ತೀರಿ ಅನ್ನುವುದಷ್ಟೇ ಬೇರೆ.

ಇದರಿಂದ ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಸಿಗುತ್ತದೆ. ಏಳರಲ್ಲಿ ಒಂದು ಇಳಿದರೆ ಆಚೆಯದು ಆರರಲ್ಲಿ ಒಂದು ಏರುತ್ತದೆ. ಐದರಲ್ಲಿ ಒಂದು ಇಳಿದರೆ ನಾಲ್ಕರಲ್ಲಿ ಒಂದು. ಅರ್ಧಕ್ಕರ್ಧ ಇಳಿದರೆ ಆಚೆಯದು ದುಪ್ಪಟ್ಟು. ಭಿನ್ನರಾಶಿ ಸರಿಯಾಗಿ ಕೂರದಿದ್ದರೆ: ಇಳಿಕೆಯನ್ನು (100 − ಇಳಿಕೆ) ಇಂದ ಭಾಗಿಸಿ. 30.5 ÷ 69.5 = 43.9%. ಬಂತು ನೋಡಿ 144.

ಇಳಿಸದೇ ಬಿಟ್ಟದ್ದು ಯಾಕೆ

ಆಗ ಕಚ್ಚಾ ಸೆಣಬು ಬೆಳೆಯುತ್ತಿದ್ದದ್ದು ಹೆಚ್ಚಾಗಿ ಪೂರ್ವ ಬಂಗಾಳದಲ್ಲಿ, ಅಂದರೆ ಪಾಕಿಸ್ತಾನದಲ್ಲಿ. ಅದನ್ನು ನೇಯುವ ಮಿಲ್ಲುಗಳು ಕಲ್ಕತ್ತಾದಲ್ಲಿ. ಸಿಂಧ್, ಪಂಜಾಬಿನ ಹತ್ತಿಯೂ ನಮ್ಮ ಮಿಲ್ಲುಗಳಿಗೆ ಬೇಕಿತ್ತು. ಸೆಣಬು ಕೊಳ್ಳುವವರು ಹೇಗೂ ಇದ್ದಾರೆ, ಬೆಲೆ ಯಾಕೆ ಇಳಿಸಬೇಕು ಅನ್ನುವುದು ಪಾಕಿಸ್ತಾನದ ಲೆಕ್ಕ. ನಮಗೆ ಅದೇ ಸರಕು ಏಕಾಏಕಿ 44% ದುಬಾರಿ. ಭಾರತ ಆ ದರವನ್ನು ಒಪ್ಪಲಿಲ್ಲ, ವ್ಯಾಪಾರ ಹೆಚ್ಚುಕಡಿಮೆ ನಿಂತೇ ಹೋಯಿತು. 1950ರಲ್ಲಿ ಕೊರಿಯಾ ಯುದ್ಧ ಶುರುವಾಗಿ ಸೆಣಬು, ಹತ್ತಿಗೆ ಜಗತ್ತಿನಲ್ಲೆಲ್ಲ ಬೇಡಿಕೆ ಬಂತು. ಅಲ್ಲಿಗೆ ಪಾಕಿಸ್ತಾನದ ಪಟ್ಟು ಗೆದ್ದಿತು. 1951ರ ಫೆಬ್ರವರಿಯ ಒಪ್ಪಂದದಲ್ಲಿ ಭಾರತ ಅವರ ದರ ಒಪ್ಪಿಕೊಂಡಿತು. ನನ್ನ ಅಭಿಪ್ರಾಯದಲ್ಲಿ ಪರೀಕ್ಷೆಗೆ ದರಕ್ಕಿಂತ ಈ ಕಾರಣವೇ ಮುಖ್ಯ.

ಉಳಿದ ತಾರೀಖುಗಳು, ಬೇಗ ಬೇಗ

1955ರ ಜುಲೈ ಕೊನೆಗೆ ಪಾಕಿಸ್ತಾನವೂ ಇಳಿಸಿತು. ಅವರದ್ದೂ 4.76. ಮತ್ತೆ ನೂರಕ್ಕೆ ನೂರು.

1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ನಮ್ಮ ದರವನ್ನು 4.76ರಿಂದ 7.50ಕ್ಕೆ ತಂದಿತು. ಕೆಲವು ಪುಸ್ತಕ 36.5% ಅನ್ನುತ್ತವೆ, ಕೆಲವು 57.5% ಅನ್ನುತ್ತವೆ. ಎರಡೂ ಸರಿ: 36.5 ÷ 63.5 ಮಾಡಿ ನೋಡಿ. ರೂಪಾಯಿಯ ಅಪಮೌಲ್ಯ ಎಷ್ಟು ಅಂತ ಕೇಳಿದರೆ 36.5 ಬರೆಯಿರಿ, ಡಾಲರ್ ಎಷ್ಟು ದುಬಾರಿಯಾಯಿತು ಅಂತ ಕೇಳಿದರೆ 57.5. ಪಾಕಿಸ್ತಾನ ಅಲ್ಲಾಡಲಿಲ್ಲ, ಹಾಗಾಗಿ 100 ಪಾಕಿಸ್ತಾನಿ ರೂಪಾಯಿಗೆ ನಮ್ಮವು ಸುಮಾರು 157.50.

1971ರಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು, ಸೆಣಬಿನ ಗಳಿಕೆ ಅದರ ಜೊತೆಗೇ ಹೋಯಿತು. 1972ರ ಮೇನಲ್ಲಿ ಪಾಕಿಸ್ತಾನ ತನ್ನ ದರವನ್ನು ಡಾಲರ್‌ಗೆ 4.76ರಿಂದ ಒಂದೇ ಸಲಕ್ಕೆ 11 ರೂಪಾಯಿಗೆ ತಂದಿತು. ಅವರ ರೂಪಾಯಿ ಕಳೆದುಕೊಂಡದ್ದು 56.7%, ಅವರಿಗೆ ಡಾಲರ್ ದುಬಾರಿಯಾದದ್ದು ಸುಮಾರು 131%. ನಮ್ಮ ದರ ಆಗ 7.28ರ ಆಸುಪಾಸು. ಉತ್ತರ ನಮ್ಮ ರೂಪಾಯಿಯಲ್ಲಿ ಬೇಕು, ಆದ್ದರಿಂದ ನಮ್ಮದು ಮೇಲೆ: 7.28 ÷ 11 = 0.66. 100 ಪಾಕಿಸ್ತಾನಿ ರೂಪಾಯಿಗೆ ನಮ್ಮ 66.