ಮೂರು ನಿಮಿಷದ ರಾಗ, ಇಪ್ಪತ್ತೆರಡು ನಿಮಿಷದ ರಾಗ

ಎಲ್‌ಪಿಯಲ್ಲಿ, ಅಂದರೆ ದೀರ್ಘಾವಧಿಯ ಗ್ರಾಮಫೋನ್ ತಟ್ಟೆಯಲ್ಲಿ, ಹಿಂದೂಸ್ತಾನಿ ಗಾಯನದ ಖಯಾಲ್ ಕೇಳುವವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ನಿಧಾನದ ವಿಲಂಬಿತ್ ಮುಗಿದು, ವೇಗದ ದ್ರುತ್ ಬಂದು, ಸ್ವರಗಳ ಬಿರುಸಿನ ಓಟವಾದ ತಾನುಗಳು ಒಂದರ ಬೆನ್ನಿಗೊಂದು ಏಳತೊಡಗಿದ ಹೊತ್ತಿಗೇ ಗಾಯಕರ ಧ್ವನಿ ತುಸು ಒಡೆದಂತೆ, ಸಕಾರಗಳು ಉಜ್ಜಿದಂತೆ ಕೇಳಿಸುತ್ತವೆ. ಇದು ಗಾಯಕರ ದೋಷವೂ ಅಲ್ಲ, ಯಂತ್ರದ ದೋಷವೂ ಅಲ್ಲ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದುಹೋದರೆ, ಲೇಬಲ್ಲಿನ ಹತ್ತಿರ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕು. ಬಿಡಿ ಹಾಡುಗಳ ತಟ್ಟೆಯಾದರೆ ಮೆಲುದನಿಯ ಹಾಡನ್ನು ಒಳಗಿನ ಗೆರೆಗಳಿಗೆ ಇಡಬಹುದು. ರಾಗವನ್ನು ಹಾಗೆ ಹಿಂದುಮುಂದು ಮಾಡಲಾಗದು. ನಮ್ಮ ಸಂಗೀತ ಶಿಖರ ಮುಟ್ಟುವುದು ಕೊನೆಯಲ್ಲಿ, ಎಲ್‌ಪಿ ದುರ್ಬಲವಾಗುವುದೂ ಅಲ್ಲಿಯೇ.

ಪುಣೆಯಲ್ಲಿ ನಾವು ಕನ್ನಡಿಗರು ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವದ ಮಂಟಪದಲ್ಲಿ ಸೇರಿದಾಗಲೆಲ್ಲ ಈ ವಾದ ಏಳುತ್ತದೆ: ಮನೆಯಲ್ಲಿ ಕೇಳಲು ರೆಕಾರ್ಡ್ ಒಳ್ಳೆಯದೋ, ಸಿ.ಡಿ.ಯೋ, ಮೊಬೈಲೋ? ಮಾತೆಲ್ಲ ಧ್ವನಿಯ ಸೊಗಸಿನ ಸುತ್ತಲೇ ತಿರುಗುತ್ತದೆ. ನನಗನ್ನಿಸುವಂತೆ ಪ್ರಶ್ನೆ ಧ್ವನಿಯದಲ್ಲ, ಕಾಲದ್ದು. ಯಾವ ವಸ್ತು ರಾಗಕ್ಕೆ ಎಷ್ಟು ನಿಮಿಷ ಕೊಟ್ಟಿತು ಎಂಬುದೇ ಇದರ ಚರಿತ್ರೆ.

ಎಡಿಸನ್ 1877ರಲ್ಲಿ ಧ್ವನಿಯನ್ನು ಹಿಡಿದದ್ದು ಉರುಳೆಯ ಮೇಲೆ. ಹತ್ತು ವರ್ಷದ ನಂತರ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯನ್ನು ತಂದರು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಬಹುದಾಗಿತ್ತು, ಗೆದ್ದದ್ದು ಅದಕ್ಕೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಧ್ವನಿಯನ್ನು ಮುದ್ರಿಸಿದರು. ತಟ್ಟೆಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೊನೆಯ ದಿನಗಳಲ್ಲಿ ಅವರಿಗೆ ಆಶ್ರಯ ಕೊಟ್ಟದ್ದು ಮೈಸೂರಿನ ಅರಮನೆ. 1930ರ ಜನವರಿಯಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಪ್ಪು ತಟ್ಟೆ ಪ್ಲಾಸ್ಟಿಕ್ ಅಲ್ಲ. ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದ್ದು. ಜಗತ್ತಿನ ರೆಕಾರ್ಡುಗಳಿಗೆ ಬೇಕಾದ ಅರಗಿನ ದೊಡ್ಡ ಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಮೆಹಫಿಲಿನಲ್ಲಿ ಒಂದು ಗಂಟೆ ಹಾಡುವ ರಾಗಕ್ಕೆ ಮೂರು ನಿಮಿಷ! ಆಲಾಪ ಬೆಳೆಸಲು ಎಡೆಯೇ ಇಲ್ಲ. ಷಡ್ಜ ಹಿಡಿದ ಕೂಡಲೇ ಬಂದಿಶ್ (ರಾಗದ ಚೀಜು, ಅಂದರೆ ಕಟ್ಟಿದ ಹಾಡು), ತಾಳದ ನಾಲ್ಕು ಆವರ್ತನದಲ್ಲಿ ರಾಗದ ಮುಖ, ಮತ್ತೆ ತಾನುಗಳು. ಇದನ್ನು ಬರೀ ನಷ್ಟವೆಂದು ನಾನು ಒಪ್ಪುವುದಿಲ್ಲ. ಕಿರಾಣಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನ್ ಅವರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿ ನೋಡಿ: ಅವಸರದ ಸುಳಿವೇ ಇಲ್ಲ. ಗದಗಿನ ಅಂಗಡಿಯೊಂದರಲ್ಲಿ ಹಾಕಿದ್ದ ಆ ತಟ್ಟೆಯ ಎದುರು ನಿಂತು ಮೈಮರೆತ ಹುಡುಗನೇ ಭೀಮಸೇನ ಜೋಶಿ. ಹಾಗೆ ಹಾಡಲು ಕಲಿಸುವ ಗುರು ಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವರು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾದರು. ಆ ಗುರುವೂ ಅಬ್ದುಲ್ ಕರೀಂ ಖಾನರ ಶಿಷ್ಯರೇ. ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವದ ಬೇರು ಹೀಗೆ ಒಂದು ತಟ್ಟೆಯವರೆಗೆ ಹೋಗುತ್ತದೆ. 1942ರಲ್ಲಿ ಎಚ್‌ಎಂವಿ ಹೊರತಂದ ಜೋಶಿಯವರ ಮೊದಲ ಮುದ್ರಿಕೆಯಲ್ಲಿದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು.

ಎಲ್‌ಪಿ ಬಂದದ್ದು 1948ರಲ್ಲಿ, ಕೊಲಂಬಿಯಾ ಸಂಸ್ಥೆಯಿಂದ. ಅರಗಿನ ಬದಲು ವಿನೈಲ್ ಎಂಬ ಪ್ಲಾಸ್ಟಿಕ್, ಕೂದಲಿನಷ್ಟು ಸಣ್ಣ ಗೆರೆ, ನಿಧಾನದ ಸುತ್ತು. ಒಂದು ಬದಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಹಿಂದೂಸ್ತಾನಿ ಸಂಗೀತಕ್ಕೆ ಮನೆಯೊಳಗೆ ಕಾಲು ಚಾಚಿ ಕುಳಿತುಕೊಳ್ಳಲು ಜಾಗ ಸಿಕ್ಕಿದ್ದು ಆಗಲೇ. 1955ರಲ್ಲಿ ಅಮೆರಿಕದಲ್ಲಿ ಮುದ್ರಣಗೊಂಡ ಅಲಿ ಅಕ್ಬರ್ ಖಾನ್ ಅವರ ಸರೋದಿನ ತಟ್ಟೆ ಪಶ್ಚಿಮದವರಿಗೆ ರಾಗದ ವಿಸ್ತಾರವನ್ನು ಮೊದಲಬಾರಿಗೆ ಕೇಳಿಸಿತು. ನಮ್ಮಲ್ಲಿ ಎಲ್‌ಪಿ ಬಹಳ ಕಾಲ ಉಳ್ಳವರ ಮನೆಯ ವಸ್ತುವಾಗಿತ್ತು. ಧಾರವಾಡದಿಂದ ಪುಣೆಗೆ ನೌಕರಿಗೆ ಬಂದ ನನ್ನ ಕಾಕಾ ವರ್ಷಕ್ಕೆ ಎರಡೋ ಮೂರೋ ಕೊಳ್ಳುತ್ತಿದ್ದರು. ಮರಾಠಿಗರಿಂದ ಕಲಿತು ಅದನ್ನು 'ತಬಕಡಿ' ಎನ್ನುತ್ತಿದ್ದರು. ತಬಕಡಿ ತಿರುಗುವಾಗ ಅದರ ಹೊದಿಕೆಯ ಹಿಂಬದಿಯನ್ನು ಓದಲೇಬೇಕೆಂಬುದು ಅವರ ನೇಮ. ರಾಗದ ಆರೋಹ ಅವರೋಹ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು ಎಲ್ಲವೂ ಅಲ್ಲಿ ಅಚ್ಚಾಗಿರುತ್ತಿತ್ತು. ನನಗೆ ರಾಗಗಳ ಗುರುತು ಹತ್ತಿದ್ದು ಆ ಹಿಂಬದಿಗಳಿಂದ.

ಮುಂದಿನದು ಕ್ಯಾಸೆಟ್. ಫಿಲಿಪ್ಸ್ ಇದನ್ನು 1963ರಲ್ಲಿ ಹೊರತಂದರೂ ಇಲ್ಲಿ ಮನೆಮನೆ ಹೊಕ್ಕದ್ದು ಎಪ್ಪತ್ತರ ದಶಕದ ಕೊನೆಯಿಂದ. ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಓಡದ ಕಿರಿದಾದ ಟೇಪು. ಸಣ್ಣನೆಯ ಸುಯ್ ಸದ್ದು ಬೆನ್ನುಬಿಡದು. ಆದರೆ ಬದಿಗೆ 30 ಅಥವಾ 45 ನಿಮಿಷ, ಅಗ್ಗದ ಬೆಲೆ, ಮನೆಯಲ್ಲೇ ಮುದ್ರಿಸಿಕೊಳ್ಳುವ ಅನುಕೂಲ. ಹೊರನಾಡ ಕನ್ನಡಿಗರಿಗೆ ಇದು ಮಾಡಿದ ಉಪಕಾರ ದೊಡ್ಡದು. ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಗಳಿಗೆ ದಾರಿ ತೆರೆಯಿತು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬರುವ ನೆಂಟರ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆಗೆ ಎರಡು ಕ್ಯಾಸೆಟ್ ಇದ್ದೇ ಇರುತ್ತಿದ್ದವು. ಕನ್ನಡ ಹಾಡಿನ ಎಲ್‌ಪಿ ಯಾರೂ ಹಾಗೆ ಹೊತ್ತು ತಂದದ್ದನ್ನು ನಾನು ಕಾಣೆ.

ಸಿ.ಡಿ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. 74 ನಿಮಿಷ, ಮಗ್ಗುಲು ಬದಲಿಸುವ ಕೆಲಸವಿಲ್ಲ, ಗರಗರ ಇಲ್ಲ. ತಂಬೂರಿಯೊಂದೇ ನುಡಿಯುವ ಮೊದಲ ಕ್ಷಣಗಳು ನಿರ್ಮಲವಾಗಿ ಕೇಳಿದ್ದು ಸಿ.ಡಿ.ಯಲ್ಲಿ. ಇಷ್ಟಾಗಿ ಅದು ಬಾಳಿದ್ದು ಎರಡು ದಶಕ. ಎಂಪಿ3 ಬಂತು, ಅಂಗಡಿಗಳು ಮುಚ್ಚಿದವು. ಮುಂಬೈಯ ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದಾಗ ಪುಣೆಯ ರಸಿಕರೂ ಮರುಗಿದರು.

ಅದೇ ಹೊತ್ತಿಗೆ ತಟ್ಟೆ ಎದ್ದು ಬಂತು. ಅಮೆರಿಕದಲ್ಲಿ 2020ರಲ್ಲಿ ವಿನೈಲಿನ ಆದಾಯ ಸಿ.ಡಿ.ಯದನ್ನು ಮೀರಿತು, 1980ರ ದಶಕದ ನಂತರ ಇದು ಮೊದಲು. ಇಲ್ಲಿಯೂ ಯುವಕರು ಬುಧವಾರ, ಭಾನುವಾರ ಹಳೆಯ ಸಾಮಾನಿನ ಸಂತೆಯಾದ ಜುನಾ ಬಜಾರಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ತಟ್ಟೆಗಳನ್ನು ಬಿಸಿಲಿಗೆ ಓರೆ ಹಿಡಿದು ಗೀರು ಹುಡುಕುತ್ತಾರೆ. ಅವರಿಗೆ ಹೇಳಬೇಕಾದ ಎರಡು ಮಾತಿವೆ. ಹೊಸದಾಗಿ ಒತ್ತುತ್ತಿರುವ ತಟ್ಟೆಗಳಲ್ಲಿ ಬಹಳಷ್ಟಕ್ಕೆ ಮೂಲ ಡಿಜಿಟಲ್ ಕಡತವೇ. ಹಳೆಯ ಧ್ವನಿ ಬೇಕೆಂದು ಅದನ್ನು ಕೊಂಡರೆ ಸಿಗುವುದು ಹೊದಿಕೆಯ ದೊಡ್ಡ ಚಿತ್ರವಷ್ಟೇ. ಹಳೆಯ 78 ಸಿಕ್ಕರೆ ಎಲ್‌ಪಿಯ ಮುಳ್ಳಿನಿಂದ ಕೇಳಬೇಡಿ, 78ರ ಗೆರೆ ಬಹಳ ಅಗಲ. ಸ್ಪಿರಿಟ್ಟಿನಿಂದಂತೂ ಒರೆಸಲೇಬೇಡಿ: ವಿನೈಲ್ ತಡೆದುಕೊಳ್ಳುತ್ತದೆ, ಅರಗು ಕರಗುತ್ತದೆ.

ಇದನ್ನು ನಾನು ಕಳೆದುಕೊಂಡು ಕಲಿತೆ. ಹುಬ್ಬಳ್ಳಿಯ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ 'ಗಾಂಧಾರಿ' ಎಂಬ ಹೆಸರಿನ ಒಂದು ತಟ್ಟೆಯಿತ್ತು. ಗಂಗೂಬಾಯಿ ಹಾನಗಲ್ ಅವರ ಮೊದಲ ಮುದ್ರಿಕೆಗಳು 1930ರ ದಶಕದಲ್ಲಿ ಬಂದದ್ದು ಆ ಹೆಸರಿನಲ್ಲಿ. ನಾವೆಲ್ಲ ಬಲ್ಲ ಅವರ ಗಂಭೀರ ಕಂಠ ಗಂಟಲಿನ ಚಿಕಿತ್ಸೆಯ ನಂತರದ್ದು. ಅದಕ್ಕೂ ಹಿಂದಿನ ಎಳೆಯ, ಏರುದನಿ ಉಳಿದಿರುವುದು ಈ 78ಗಳಲ್ಲಿ. ಧೂಳು ತೆಗೆಯಲೆಂದು ಅದನ್ನು ಒಂದು ಅಂಗಡಿಗೆ ಕೊಟ್ಟೆ. ಸ್ಪಿರಿಟ್ ಹಾಕಿ ಒರೆಸಿ ಕೊಟ್ಟರು. ಗೆರೆಗಳೆಲ್ಲ ಮಂಕಾಗಿ, ಮುಳ್ಳಿಟ್ಟರೆ ಬರೀ ಉಸುಕಿನ ಸದ್ದು.

ಮುಂಬೈಯಲ್ಲಿ 1990ರಿಂದ ಭಾರತೀಯ ರೆಕಾರ್ಡ್ ಸಂಗ್ರಾಹಕರದೇ ಒಂದು ಸಂಘವಿದೆ. ಇಂಥ ಆಸ್ಥೆಯುಳ್ಳವರು ತಮ್ಮ 78ಗಳನ್ನು ಡಿಜಿಟಲ್ ಮಾಡಿ ಹಂಚದೇ ಇದ್ದರೆ ಆ ಹಾಡು ನಮ್ಮ ಮನೆಯ ಪಾಲಿಗೆ ಮುಗಿದೇಹೋಗುತ್ತಿತ್ತು. ಅಂತರಜಾಲದಲ್ಲಿ ಅದು ಸಿಕ್ಕಿತು. ಹಿಂಬದಿಯ ವಿವರ ಏನೂ ಇಲ್ಲ, ತಬಲಾ ಯಾರದೆಂದು ಇಲ್ಲ. ಆದರೆ ಧ್ವನಿ ತಿಳಿಯಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲ್ ಇಟ್ಟು ಅವ್ವನಿಗೆ ಕೇಳಿಸಿದೆ. ಅವ್ವ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮೂರು ನಿಮಿಷ ನಿಂತೇ ಕೇಳಿದಳು. ಮುಗಿದ ಮೇಲೆ, "ಇನ್ನೊಂದು ಬದಿ ಹಾಕು" ಎಂದಳು. ಇನ್ನೊಂದು ಬದಿಯನ್ನು ಇನ್ನೂ ಹುಡುಕುತ್ತಿದ್ದೇನೆ.